ಮಿಯಾಸಿಸ್ ಎಲ್ಲಿ, ಯಾವಾಗ? ಒಂದು ಸಾಲಿನ ಉತ್ತರ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇತ್ತೀಚೆಗೆ ಜೀವಶಾಸ್ತ್ರದ ಪ್ರಶ್ನೋತ್ತರ ಬಂದಿತ್ತು. ಮಿಯಾಸಿಸ್, ಅಂದರೆ ಜೀವಕೋಶದೊಳಗಿನ ವರ್ಣತಂತುಗಳನ್ನು (ವಂಶಗುಣ ಹೊತ್ತ ಎಳೆಗಳನ್ನು) ಅರ್ಧಕ್ಕೆ ಇಳಿಸುವ ಕೋಶ ವಿಭಜನೆ, ಎಲ್ಲಿ ಮತ್ತು ಯಾವಾಗ ನಡೆಯುತ್ತದೆ ಅನ್ನೋದು ಅದರಲ್ಲಿ ಒಂದು ಪ್ರಶ್ನೆ. ಉತ್ತರ ಒಂದೇ ಸಾಲು: ಜನನಾಂಗಗಳಲ್ಲಿ, ಲಿಂಗಾಣುಗಳು (ವೀರ್ಯಾಣು, ಅಂಡಾಣು) ತಯಾರಾಗುವಾಗ. ನಮ್ಮ ಕಡೆಯ ಮಕ್ಕಳು ಆ ಪುಟವನ್ನು ಕತ್ತರಿಸಿಟ್ಟುಕೊಂಡು ಬಾಯಿಪಾಠ ಮಾಡುತ್ತಾರೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಆ ಉತ್ತರ ಮನುಷ್ಯರಿಗೆ ಸರಿ, ದನಕ್ಕೆ ಸರಿ, ಕೋಳಿಗೆ ಸರಿ. ಅಡಿಕೆ ಮರಕ್ಕೆ ಸರಿಯಲ್ಲ. ಗೋಡೆ ಮೇಲಿನ ಹಾವಸೆಗೆ (ಮಾಸ್), ಬಾವಿಕಟ್ಟೆಯ ಜರೀಗಿಡಕ್ಕೆ (ಫರ್ನ್) ಸರಿಯಲ್ಲ. ಅಣಬೆಗಂತೂ ಪೂರ್ತಿ ತಿರುಗುಮುರುಗು. ಮಲೆನಾಡಿನಲ್ಲಿ ಕೂತು ಮಕ್ಕಳಿಗೆ ಪ್ರಾಣಿಗಳ ಉತ್ತರವನ್ನಷ್ಟೇ ಕಲಿಸಿ, ಸುತ್ತ ಇರುವ ಹಸಿರನ್ನೆಲ್ಲ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೆ ಅದು ಅನ್ಯಾಯ ಅಲ್ವಾ?

ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಗಾಯ ಮಾಯುವಾಗ, ಬೇರು ಬೆಳೆಯುವಾಗ, ಮಗು ದೊಡ್ಡದಾಗುವಾಗ ನಡೆಯುವುದು ಮೈಟಾಸಿಸ್. ಒಂದು ಜೀವಕೋಶ ಎರಡಾಗುತ್ತದೆ, ವರ್ಣತಂತುಗಳ ಸಂಖ್ಯೆ ಹಾಗೇ ಉಳಿಯುತ್ತದೆ. ಮಿಯಾಸಿಸ್ ಬೇರೆ. ಅಲ್ಲಿ ಡಿಎನ್‌ಎ ನಕಲಾಗುವುದು ಒಂದೇ ಸಲ, ಆದರೆ ಕೋಶ ಒಡೆಯುವುದು ಎರಡು ಸಲ. ಹಾಗಾಗಿ ನಾಲ್ಕು ಕೋಶಗಳು ಸಿಗುತ್ತವೆ, ಪ್ರತಿಯೊಂದರಲ್ಲೂ ಅರ್ಧ ವರ್ಣತಂತು. ಮನುಷ್ಯರಲ್ಲಿ 46 ಇದ್ದದ್ದು 23 ಆಗುತ್ತದೆ. ಅಪ್ಪನಿಂದ ಬಂದದ್ದು, ಅಮ್ಮನಿಂದ ಬಂದದ್ದು ಎರಡೂ ಕಲೆತು ಹೊಸದಾಗಿ ಹಂಚಿಹೋಗುವುದೂ ಇಲ್ಲೇ. 23 ಜೋಡಿಗಳು ಹಂಚಿಹೋಗುವ ರೀತಿಯನ್ನಷ್ಟೇ ಲೆಕ್ಕ ಹಾಕಿದರೂ 83 ಲಕ್ಷಕ್ಕಿಂತ ಜಾಸ್ತಿ ಬಗೆಗಳಾಗುತ್ತವೆ. ಜೋಡಿ ವರ್ಣತಂತುಗಳು ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುವುದು ಅದರ ಮೇಲೆ ಇನ್ನೂ ಬೇರೆ.

ಈಗ ಮಳೆಗಾಲಕ್ಕೆ ಬನ್ನಿ. ಆರಿದ್ರಾ, ಪುನರ್ವಸು ಹಿಡಿಯುವ ಹೊತ್ತಿಗೆ ನಮ್ಮ ಜಂಬಿಟ್ಟಿಗೆ ಪಾಗಾರಗಳೆಲ್ಲ ಹಸಿರಾಗುತ್ತವೆ. ಆ ಹಾವಸೆಯ ಗಿಡದಲ್ಲಿ ಇರುವುದೇ ಅರ್ಧ ವರ್ಣತಂತು. ಇದ್ದದ್ದೇ ಅರ್ಧವಾದ ಮೇಲೆ ಅದು ಲಿಂಗಾಣು ಮಾಡಲು ಮತ್ತೆ ಅರ್ಧ ಮಾಡಬೇಕಾಗಿಲ್ಲ. ಸುಮ್ನೆ ಮೈಟಾಸಿಸ್‌ನಿಂದಲೇ ಗಂಡು ಕಣ, ಹೆಣ್ಣು ಕಣ ಎರಡನ್ನೂ ಮಾಡುತ್ತದೆ. ಗಂಡು ಕಣ ಮಳೆ ನೀರಿನ ತೆಳು ಪದರದಲ್ಲಿ ಈಜಿಕೊಂಡು ಹೋಗಿ ಸೇರುತ್ತದೆ. ಆಮೇಲೆ ಹಾವಸೆಯ ತಲೆಯಿಂದ ಕೂದಲಿನಂಥ ಕಡ್ಡಿ ಎದ್ದು, ತುದಿಯಲ್ಲಿ ಕಂದು ಬಣ್ಣದ ಪುಟ್ಟ ಡಬ್ಬಿ ಬರುತ್ತದಲ್ಲ, ಪೂರ್ತಿ ಸಂಖ್ಯೆ ಇರುವುದು ಅದರಲ್ಲಿ. ಮಿಯಾಸಿಸ್ ನಡೆಯುವುದು ಆ ಡಬ್ಬಿಯೊಳಗೆ. ಅಲ್ಲಿ ಹುಟ್ಟುವುದು ಲಿಂಗಾಣು ಅಲ್ಲ, ಬೀಜಕ. ಗಾಳಿಯಲ್ಲಿ ತೂರಿಹೋಗುವ ಧೂಳು ಅದು.

ಜರೀಗಿಡದ್ದೂ ಹೆಚ್ಚು ಕಡಿಮೆ ಇದೇ ಕತೆ. ನಮ್ಮ ಕಣ್ಣಿಗೆ ಕಾಣುವ ದೊಡ್ಡ ಗಿಡದಲ್ಲಿ ಪೂರ್ತಿ ಸಂಖ್ಯೆ ಇರುತ್ತದೆ ಅನ್ನೋದಷ್ಟೇ ವ್ಯತ್ಯಾಸ. ಎಲೆಯನ್ನು ಮಗುಚಿ ನೋಡಿದರೆ ಅಡಿಯಲ್ಲಿ ಸಾಲಾಗಿ ಕಂದು ಚುಕ್ಕೆಗಳಿರುತ್ತವೆ. ಎಷ್ಟೋ ಜನ ಅದನ್ನು ರೋಗ ಅಂದುಕೊಂಡು ಕಿತ್ತು ಎಸೆಯುತ್ತಾರೆ. ಅದು ರೋಗ ಅಲ್ಲ, ಮಿಯಾಸಿಸ್ ನಡೆಯುವ ಜಾಗ. ಅಲ್ಲಿಂದ ಬಿದ್ದ ಬೀಜಕ ಮೊಳೆತು ಉಗುರಿನಷ್ಟು ಅಗಲದ, ಹೃದಯದ ಆಕಾರದ ಹಸಿರು ಹಾಳೆಯಾಗುತ್ತದೆ. ಲಿಂಗಾಣು ಹುಟ್ಟುವುದು ಆ ಹಾಳೆಯಲ್ಲಿ, ಅದೂ ಮೈಟಾಸಿಸ್‌ನಿಂದ. ಇನ್ನೊಂದು ವಿಷಯ ಹೇಳಲೇಬೇಕು. ಪಶ್ಚಿಮ ಘಟ್ಟದಲ್ಲಿ ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಪುಟ್ಟ ಜರೀಗಿಡವೊಂದಿದೆ. ಅದರ ಜೀವಕೋಶದಲ್ಲಿ ಸುಮಾರು 1,260 ವರ್ಣತಂತುಗಳು! ಗೊತ್ತಿರುವ ಗಿಡಗಳಲ್ಲೇ ಅತಿ ಹೆಚ್ಚಿನ ಸಂಖ್ಯೆ ಇದರದ್ದು. ಇದೇ ಕಾಡಿನಲ್ಲಿ ಓಡಾಡುವ ಕಾಡುಕುರಿಗೆ ಎಷ್ಟು ಗೊತ್ತಾ? ಹೆಣ್ಣಿಗೆ 6, ಗಂಡಿಗೆ 7. ಸಸ್ತನಿಗಳಲ್ಲಿ ಅದಕ್ಕಿಂತ ಕಡಿಮೆ ಯಾವುದಕ್ಕೂ ಇಲ್ಲ. ಸಾವಿರದ ಮೇಲಿದ್ದರೂ ಆರೇ ಇದ್ದರೂ ಜೋಡಿ ಜೋಡಿಯಾಗಿ ಸೇರಿ, ಲೆಕ್ಕ ತಪ್ಪದೆ ಬೇರೆಯಾಗಬೇಕು. ಇಂಥದ್ದನ್ನು ಪುಸ್ತಕದ ಮೂಲೆಯಲ್ಲಾದರೂ ಹಾಕಿದರೆ ಮಕ್ಕಳು ಎಷ್ಟು ಆಸೆಯಿಂದ ಓದುತ್ತಾರೆ!

ಅಡಿಕೆ ಮರದಲ್ಲಿ ಏನಾಗುತ್ತದೆ? ಇದನ್ನು ನಾನು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರಿಗೆ ಹೇಳಬೇಕು.

ಅಡಿಕೆಯಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಒಂದೇ ಸಿಂಗಾರದಲ್ಲಿ (ಹೂಗೊಂಚಲಿನಲ್ಲಿ) ಇರುತ್ತವೆ. ಎಳೆಗಳ ಉದ್ದಕ್ಕೂ ಸಣ್ಣ ಗಂಡು ಹೂಗಳು, ಬುಡದಲ್ಲಿ ದಪ್ಪನೆಯ ಹೆಣ್ಣು ಹೂಗಳು. ಹೊಂಬಾಳೆ ಒಡೆದ ಕೂಡಲೇ ಗಂಡು ಹೂ ಅರಳಲು ಶುರುವಾಗುತ್ತದೆ. ಅಂದರೆ ಪರಾಗಕ್ಕೆ ಬೇಕಾದ ಮಿಯಾಸಿಸ್ ಹೊಂಬಾಳೆಯ ಒಳಗೇ, ನಮ್ಮ ಕಣ್ಣಿಗೆ ಏನೂ ಕಾಣುವ ಮೊದಲೇ ಮುಗಿದಿರುತ್ತದೆ. ಪರಾಗಕೋಶದ ಒಂದೊಂದು ತಾಯಿ ಕೋಶದಿಂದ ನಾಲ್ಕು ಪರಾಗ ಕಣ, ಹೂಗಿಡದ ಬೀಜಕ ಅಂದರೆ ಇಂಥವೇ. ಅಡಿಕೆಯ 32 ವರ್ಣತಂತು ಅಲ್ಲಿ 16 ಆಗುತ್ತದೆ. ಹೆಣ್ಣು ಹೂವಿನ ಅಂಡಕದಲ್ಲೂ (ಮುಂದೆ ಬೀಜವಾಗುವ ಭಾಗ) ಒಂದು ತಾಯಿ ಕೋಶ ನಾಲ್ಕಾಗುತ್ತದೆ, ಅದರಲ್ಲಿ ಮೂರು ಸತ್ತು ಒಂದು ಉಳಿಯುತ್ತದೆ. ಉಳಿದದ್ದು ಮತ್ತೆ ಮೈಟಾಸಿಸ್‌ನಿಂದ ಬೆಳೆದಾಗ ಮಾತ್ರ ಅದರೊಳಗೆ ಅಂಡಾಣು ಬರುವುದು. ಪರಾಗದೊಳಗಿನ ಗಂಡು ಕಣವೂ ಹಾಗೇ. ಗಿಡದಲ್ಲಿ ಮಿಯಾಸಿಸ್‌ನಿಂದ ನೇರವಾಗಿ ಲಿಂಗಾಣು ಬರುವುದೇ ಇಲ್ಲ. ನಿಮ್ಮ ಪುಟದ ಒಂದು ಸಾಲು ಅಡಿಕೆ ತೋಟದಲ್ಲಿ ನಿಲ್ಲುವುದಿಲ್ಲ ಅಂದದ್ದು ಇದಕ್ಕೇ. ಜರ್ಮನಿಯ ಸಸ್ಯವಿಜ್ಞಾನಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಗಿಡಗಳಲ್ಲಿ ಸಂಖ್ಯೆ ಅರ್ಧವಾಗುವುದು ಬೀಜಕ ಹುಟ್ಟುವಾಗ ಅಂತ 1894ರಲ್ಲೇ ಸ್ಪಷ್ಟವಾಗಿ ಹೇಳಿದ್ದರು. ಇದೇನೂ ಹೊಸ ಸಂಗತಿ ಅಲ್ಲ.

ಇದರಿಂದ ರೈತರಿಗೇನು ಅಂತ ಕೇಳಬಹುದು. ತುಂಬಾ ಇದೆ. ಸಿಂಗಾರದಲ್ಲಿ ಗಂಡು ಹೂಗಳ ಕಾಲ ಮುಗಿಯುತ್ತಾ ಬಂದ ಮೇಲೇ ಹೆಣ್ಣು ಹೂ ಪರಾಗ ಹಿಡಿಯಲು ತಯಾರಾಗುವುದು, ಹಾಗಾಗಿ ಹೆಚ್ಚಾಗಿ ಪಕ್ಕದ ಮರದ ಪರಾಗವೇ ಬಂದು ಸೇರುತ್ತದೆ. ತಾಯಿಮರ ಎಷ್ಟೇ ಒಳ್ಳೆಯದಿರಲಿ, ಅದರ ಕಡೆಯ ಅರ್ಧ ಮಿಯಾಸಿಸ್‌ನಲ್ಲಿ ಕಲೆತು ಬಂದದ್ದು, ಇನ್ನರ್ಧ ಯಾವುದೋ ಮರದ್ದು, ಅದೂ ಕಲೆತು ಬಂದದ್ದು. ಒಂದೇ ಗೊನೆಯ ಗೋಟಿನಿಂದ (ಬಲಿತ ಅಡಿಕೆಯಿಂದ) ಎಬ್ಬಿಸಿದ ಸಸಿಗಳೂ ಒಂದರಂತೆ ಒಂದು ಇರುವುದಿಲ್ಲ. ತಾಯಿಮರ ನೋಡಿ ಬೀಜ ಆರಿಸಬೇಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಆರಿಸಿ. ಹಾಗೆ ಆರಿಸಿದರೆ ಒಳ್ಳೆಯದು ಬರುವ ಸಾಧ್ಯತೆ ಹೆಚ್ಚು. ಗ್ಯಾರಂಟಿ ಮಾತ್ರ ಇಲ್ಲ. ಗಿಡ್ಡ ತಳಿಯ ಹೈಬ್ರಿಡ್ ಅಡಿಕೆಯದ್ದು ಇನ್ನೂ ದೊಡ್ಡ ಸಮಸ್ಯೆ. ಹಿರೇಹಳ್ಳಿ ಗಿಡ್ಡ ತಳಿಗೆ ಸುಮಂಗಳದಂಥ ಎತ್ತರದ ತಳಿಯ ಪರಾಗ ಕೊಟ್ಟು ಮಾಡಿದ ಹೈಬ್ರಿಡ್ ಮರ ಚೆನ್ನಾಗಿ ಬಂತು ಅಂದುಕೊಳ್ಳಿ. ಆ ಮರದ ಗೋಟನ್ನೇ ಮತ್ತೆ ಸಸಿ ಮಾಡಿದರೆ, ಆ ಮರದ ಮಿಯಾಸಿಸ್‌ನಲ್ಲಿ ಗಿಡ್ಡ, ಉದ್ದ ಗುಣಗಳು ಮತ್ತೆ ಬೇರೆ ಬೇರೆಯಾಗಿ ಹಂಚಿಹೋಗುತ್ತವೆ. ಒಂದು ಸಸಿ ಗಿಡ್ಡ, ಒಂದು ಎತ್ತರ, ಒಂದು ಎರಡರ ಮಧ್ಯೆ. ನಮ್ಮ ಪರಿಚಯದವರೊಬ್ಬರು ಹೀಗೆ ಹೈಬ್ರಿಡ್ ಮರದ ಬೀಜದಿಂದ ಎಬ್ಬಿಸಿದ ಸಸಿಗಳನ್ನು ಹೈಬ್ರಿಡ್ ಸಸಿ ಅಂತಲೇ ದುಡ್ಡು ಕೊಟ್ಟು ತಂದರು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಷ್ಟು ವರ್ಷ ಗೊಬ್ಬರ, ನೀರು, ಆಳು ಅಂತ ಸುರಿದ ಮೇಲೆ ತೋಟ ಏರುಪೇರಾಗಿದೆ ಅಂತ ಗೊತ್ತಾದರೆ ಹೊಟ್ಟೆ ಉರಿಯದೇ ಇರುತ್ತದಾ?

ಅಪ್ಪೆಮಿಡಿಯಲ್ಲಿ (ಉಪ್ಪಿನಕಾಯಿಯ ಎಳೆ ಮಾವಿನಲ್ಲಿ) ಇದೇ ಸಂಗತಿ ನಮಗೆ ವರವಾಗಿದೆ. ಶರಾವತಿ, ಕುಮುದ್ವತಿ, ವರದಾ ದಂಡೆಗಳಲ್ಲಿ ಸಿಗುವ ಅಪ್ಪೆಮರಗಳಲ್ಲಿ ಒಂದರ ಸೊನೆಯ ವಾಸನೆ ಇನ್ನೊಂದಕ್ಕಿಲ್ಲ. ಜೀರಿಗೆ ವಾಸನೆ, ಕರ್ಪೂರದ ವಾಸನೆ, ಉದ್ದ ಮಿಡಿ, ಗುಂಡು ಮಿಡಿ, ವರ್ಷಗಟ್ಟಲೆ ಕೆಡದೆ ಉಳಿಯುವ ಮಿಡಿ. ತಲೆಮಾರುಗಳಿಂದ ಬಿದ್ದ ಓಟೆ ತಾನೇ ಮೊಳೆತು ಮರವಾಗಿ, ಪ್ರತಿ ಸಲವೂ ಗುಣಗಳು ಕಲೆತು ಕಲೆತು ಬಂದದ್ದರ ಫಲ ಅದು. ನಮಗೆ ಬೇಕಾದ ಮಿಡಿ ಸಿಕ್ಕಿತು ಅಂದರೆ ಕಸಿ ಕಟ್ಟುತ್ತೇವೆ. ಕಸಿಯಲ್ಲಿ ನಡೆಯುವುದು ಬರೀ ಮೈಟಾಸಿಸ್, ಹಾಗಾಗಿ ಗುಣ ಬದಲಾಗುವುದಿಲ್ಲ. ಕರಾವಳಿಯ ಓಲೂರು, ಬಪ್ಪಕಾಯಿಯಂಥ ಕೆಲವು ಮಾವುಗಳಲ್ಲಿ ಒಂದೇ ಓಟೆಯಿಂದ ಹಲವು ಸಸಿ ಏಳುತ್ತವೆ, ಅವುಗಳಲ್ಲಿ ಹೆಚ್ಚಿನವು ಮಿಯಾಸಿಸ್ ತಪ್ಪಿಸಿಕೊಂಡು ತಾಯಿಯ ಅಂಗಾಂಶದಿಂದಲೇ ಬಂದ ಸಸಿಗಳು, ತಾಯಿಯಂತೆಯೇ ಇರುತ್ತವೆ. ಅದು ಬೇರೆ ಲೆಕ್ಕ. ನನ್ನ ಕಳವಳ ಹೊಳೆದಂಡೆಯ ಹಳೇ ಮರಗಳದ್ದು. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿಯುತ್ತಾರೆ. ಸಿಕ್ಕ ಮಿಡಿಯನ್ನೆಲ್ಲ ಕೊಯ್ದು, ಒಂದು ಹಣ್ಣೂ ನೆಲಕ್ಕೆ ಬೀಳದ ಹಾಗೆ ಮಾಡುತ್ತಾರೆ. ಕಸಿಯಿಂದ ಇರುವ ತಳಿ ಉಳಿಯುತ್ತದೆ, ಹೊಸದು ಹುಟ್ಟುವುದಿಲ್ಲ. ಹೊಸ ಅಪ್ಪೆ ಹುಟ್ಟಬೇಕಾದರೆ ಓಟೆ ಮೊಳೆಯಲೇಬೇಕು.

ಪಚ್ಚಬಾಳೆಗೆ ಆ ದಾರಿಯೇ ಇಲ್ಲ. ಅದರಲ್ಲಿ ವರ್ಣತಂತುಗಳು ಮೂರು ಸೆಟ್, ಒಟ್ಟು 33. ಮೂರನ್ನು ಸರಿಯಾಗಿ ಎರಡು ಪಾಲು ಮಾಡಲು ಆಗುವುದಿಲ್ಲ, ಮಿಯಾಸಿಸ್ ಕೆಡುತ್ತದೆ, ಬೀಜ ಕಟ್ಟುವುದಿಲ್ಲ. ಬುಡದಲ್ಲಿ ಏಳುವ ಕಂದು (ಮರಿ) ಕಿತ್ತು ನೆಡುವುದೊಂದೇ ಉಪಾಯ. ಬಂಡೆಯ ಸಂದಿಯಲ್ಲಿ ಬೆಳೆಯುವ ಕಲ್ಲುಬಾಳೆ ಇದಕ್ಕೆ ತದ್ವಿರುದ್ಧ, ಅದು ಕಂದು ಹಾಕುವುದಿಲ್ಲ, ಹಣ್ಣಿನ ತುಂಬಾ ಕಪ್ಪು ಗಟ್ಟಿ ಬೀಜ. ಶುಂಠಿಯನ್ನೂ ನಾವು ಗೆಡ್ಡೆಯಿಂದಲೇ ಬೆಳೆಯುವುದು. ಹೊಲಕ್ಕೆ ಹೊಲವೇ ಒಂದೇ ಗುಣದ ಗಿಡ, ಒಂದಕ್ಕೆ ಕೊಳೆ ತಡೆಯುವ ಶಕ್ತಿ ಇಲ್ಲ ಅಂದರೆ ಉಳಿದವಕ್ಕೂ ಇಲ್ಲ.

ಭತ್ತದ ವಿಷಯದಲ್ಲಿ 'ಯಾವಾಗ' ಅನ್ನೋದೇ ಮುಖ್ಯ. ತೆನೆ ಹೊರಗೆ ಬರುವುದಕ್ಕೆ ಸುಮಾರು ಹತ್ತು ಹದಿನೈದು ದಿನ ಮೊದಲು, ಪೈರು ಹೊಡೆ ಕಟ್ಟುವಾಗ ಒಳಗೆ ಮಿಯಾಸಿಸ್ ನಡೆಯುತ್ತಿರುತ್ತದೆ. ಉತ್ತರೆ, ಹಸ್ತ ಮಳೆ ಕೈಕೊಟ್ಟು ಗದ್ದೆ ಒಣಗಿದ್ದು ಆ ದಿನಗಳಲ್ಲೇ ಆದರೆ ಪರಾಗ ಕೆಡುತ್ತದೆ. ಜೋರು ಚಳಿ ಬಿದ್ದರೂ ಅಷ್ಟೇ. ಪೈರು ಹಸಿರಾಗೇ ಕಾಣುತ್ತದೆ, ಕೊಯ್ಲಿಗೆ ಬಂದಾಗ ನೋಡಿದರೆ ಜೊಳ್ಳು. ನೀರು ಕಡಿಮೆ ಇದ್ದವರು ಬೇರೆ ದಿನ ಬಿಟ್ಟರೂ ಹೊಡೆ ಕಟ್ಟುವ ದಿನಗಳಲ್ಲಿ ಮಾತ್ರ ಗದ್ದೆ ಒಣಗಲು ಬಿಡಬಾರದು.

ಇನ್ನು ಅಣಬೆ. ನೆಲದೊಳಗೆ ಎರಡು ಬಗೆಯ ನೂಲೆಳೆಗಳು ಸೇರಿಕೊಳ್ಳುತ್ತವೆ. ಆದರೆ ಅವುಗಳ ಕೋಶಕೇಂದ್ರಗಳು ಕೂಡಲೇ ಒಂದಾಗುವುದಿಲ್ಲ. ಜೊತೆ ಜೊತೆಯಾಗಿಯೇ ಎಷ್ಟೋ ಕಾಲ ಇರುತ್ತವೆ. ಕೊಡೆ ಎದ್ದ ಮೇಲೆ, ಅದರ ಅಡಿಯ ಪದರಗಳಲ್ಲಿ ಎರಡೂ ಒಂದಾಗುತ್ತವೆ, ಆದ ತಕ್ಷಣವೇ ಮಿಯಾಸಿಸ್, ನಾಲ್ಕು ಬೀಜಕ. ಅಂದರೆ ಇಲ್ಲಿ ಕೂಡುವುದು ಮೊದಲು, ಅರ್ಧವಾಗುವುದು ಆಮೇಲೆ. ಕೆರೆಯಲ್ಲಿ ಹಸಿರು ನೂಲಿನಂತೆ ತೇಲುವ ಸ್ಪೈರೋಗೈರಾದಲ್ಲೂ ಹೀಗೇ. ಎರಡು ಎಳೆಗಳು ಕೂಡಿ ಗಟ್ಟಿ ಸಿಪ್ಪೆಯ ಕಣವಾಗಿ ಬೇಸಿಗೆ ಕಳೆಯುತ್ತದೆ. ಮತ್ತೆ ಮೊಳೆಯುವ ಹೊತ್ತಿಗೆ ಮಿಯಾಸಿಸ್.

ಮಲೆನಾಡಿನ ಹಳಬರನ್ನು ನಡುಗಿಸಿದ್ದ ಮಲೇರಿಯಾದ ಪರಾವಲಂಬಿಯೂ ಇದೇ ಸಾಲಿಗೆ ಸೇರುತ್ತದೆ. ನಮ್ಮ ರಕ್ತದಲ್ಲಿ ಇರುವಷ್ಟು ಕಾಲವೂ ಅದಕ್ಕೆ ಅರ್ಧ ಸಂಖ್ಯೆಯೇ. ಸೊಳ್ಳೆ ನಮ್ಮನ್ನು ಕಚ್ಚಿ ರಕ್ತ ಹೀರಿದ ಮೇಲೆ ಅದರ ಹೊಟ್ಟೆಯಲ್ಲಿ ಗಂಡು, ಹೆಣ್ಣು ಕಣ ಕೂಡುತ್ತವೆ, ಕೆಲವೇ ಗಂಟೆಗಳಲ್ಲಿ ಮಿಯಾಸಿಸ್ ಆಗುತ್ತದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಂಡ ಗುಳ್ಳೆಗಳು ಈ ಕೂಡಿಕೆಯ ನಂತರ ಬೆಳೆದವು. ಆದರೆ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ವೈರಸ್‌ನದ್ದು, ವೈರಸ್‌ಗೆ ಜೀವಕೋಶವೇ ಇಲ್ಲದ್ದರಿಂದ ಮಿಯಾಸಿಸ್ ಪ್ರಶ್ನೆಯೇ ಬರುವುದಿಲ್ಲ. ಬ್ಯಾಕ್ಟೀರಿಯಾಗಳಲ್ಲೂ ಇಲ್ಲ.

ಪ್ರಾಣಿಗಳಲ್ಲೂ ಎಲ್ಲ ಒಂದೇ ತರಹ ಅಲ್ಲ. ತುಡುವೆ ಜೇನಿನ ರಾಣಿಗೆ 32 ವರ್ಣತಂತು, ಅದರ ಅಂಡಾಶಯದಲ್ಲಿ ಮಿಯಾಸಿಸ್ ಆಗಿ ಮೊಟ್ಟೆಗೆ 16. ಗಂಡುಜೇನು ಹುಟ್ಟುವುದು ಗಂಡಿನ ಕಣ ಸೇರದ ಮೊಟ್ಟೆಯಿಂದ. ಹಾಗಾಗಿ ಗಂಡುಜೇನಿಗೆ ಬರೀ 16, ಅಪ್ಪನೇ ಇಲ್ಲ. ಅದು ವೀರ್ಯಾಣು ಮಾಡುವಾಗ ಸಂಖ್ಯೆ ಮತ್ತೆ ಅರ್ಧವಾಗುವುದಿಲ್ಲ.

ಕೊನೆಗೆ ಮನುಷ್ಯರು. ಇಲ್ಲಿ 'ಎಲ್ಲಿ' ಅನ್ನೋದಕ್ಕೆ ನಿಮ್ಮ ಉತ್ತರ ಸರಿ, 'ಯಾವಾಗ' ಅನ್ನೋದು ಪೂರ್ತಿ ಬಿಟ್ಟುಹೋಗಿದೆ. ಗಂಡಸರ ವೃಷಣದಲ್ಲಿ ಮಿಯಾಸಿಸ್ ಶುರುವಾಗುವುದು ಹದಿಹರೆಯದಲ್ಲಿ, ಮುಪ್ಪಿನವರೆಗೂ ನಡೆಯುತ್ತಲೇ ಇರುತ್ತದೆ. ಒಂದು ವೀರ್ಯಾಣು ಶುರುವಿನಿಂದ ತಯಾರಾಗಲು ಎರಡರಿಂದ ಎರಡೂವರೆ ತಿಂಗಳು. ಹೆಂಗಸರಲ್ಲಿ ಹಾಗಲ್ಲ. ಹೆಣ್ಣು ಮಗು ಇನ್ನೂ ತಾಯಿಯ ಗರ್ಭದಲ್ಲಿ ಮೂರು ತಿಂಗಳಿನದ್ದಾಗಿರುವಾಗಲೇ ಅದರ ಅಂಡಾಶಯದಲ್ಲಿ ಮಿಯಾಸಿಸ್ ಶುರುವಾಗುತ್ತದೆ. ಐದು ತಿಂಗಳ ಹೊತ್ತಿಗೆ ಅರವತ್ತು ಎಪ್ಪತ್ತು ಲಕ್ಷ ಅಂಡಕೋಶಗಳಿದ್ದು, ಹುಟ್ಟುವಾಗ ಹತ್ತಿಪ್ಪತ್ತು ಲಕ್ಷಕ್ಕೆ ಇಳಿದಿರುತ್ತವೆ. ಅಷ್ಟೂ ಅರ್ಧಕ್ಕೆ ನಿಂತಿರುತ್ತವೆ. ಮೈನೆರೆದ ಮೇಲೆ ತಿಂಗಳಿಗೊಂದರಂತೆ ಒಂದು ಮುಂದುವರಿದು ಮೊದಲ ವಿಭಜನೆ ಮುಗಿಸುತ್ತದೆ, ಎರಡನೆಯದರ ನಡುವೆ ಮತ್ತೆ ನಿಲ್ಲುತ್ತದೆ. ವೀರ್ಯಾಣು ಬಂದು ಸೇರಿದರೆ ಮಾತ್ರ ಅದು ಪೂರ್ತಿಯಾಗುವುದು. ಸೇರದಿದ್ದರೆ ಆ ಮಿಯಾಸಿಸ್ ಮುಗಿಯುವುದೇ ಇಲ್ಲ.

ಯೋಚಿಸಿ ನೋಡಿ. ನನ್ನ ಮಗಳಾಗಿ ಬೆಳೆದ ಅಂಡಾಣುವಿನ ಮಿಯಾಸಿಸ್ ಶುರುವಾದದ್ದು ನಾನು ನನ್ನ ಅಮ್ಮನ ಹೊಟ್ಟೆಯಲ್ಲಿ ಇದ್ದಾಗ. ಅಮ್ಮ ಆಗ ತಿಂದ ಊಟ, ಆಕೆಗೆ ಸಿಕ್ಕ ಆರೈಕೆ ಎಲ್ಲದರ ನಡುವೆ ಆ ಕೋಶವೂ ಇತ್ತು. ಬಸುರಿ ಸೊಸೆಗೆ ಊಟ, ವಿಶ್ರಾಂತಿ ಸರಿಯಾಗಿ ಕೊಡಬೇಕು ಅನ್ನಲು ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಅಷ್ಟು ವರ್ಷ ಅರ್ಧಕ್ಕೆ ನಿಂತ ಕೋಶ ಮತ್ತೆ ಮುಂದುವರಿಯುವಾಗ ಕೆಲವೊಮ್ಮೆ ವರ್ಣತಂತುಗಳು ಸರಿಯಾಗಿ ಬೇರೆಯಾಗುವುದಿಲ್ಲ. 21ನೆಯ ವರ್ಣತಂತು ಎರಡರ ಬದಲು ಮೂರಾದರೆ ಡೌನ್ ಸಿಂಡ್ರೋಮ್, ಅಂದರೆ ಮಗುವಿನ ಬೆಳವಣಿಗೆ, ಕಲಿಕೆ ನಿಧಾನವಾಗುವ ಸ್ಥಿತಿ. ತಾಯಿಗೆ 25 ವರ್ಷವಿದ್ದಾಗ ಇದರ ಸಾಧ್ಯತೆ ಸುಮಾರು 1,250ರಲ್ಲಿ ಒಂದು, 40ಕ್ಕೆ ಬಂದಾಗ ಸುಮಾರು 100ರಲ್ಲಿ ಒಂದು. ಇದು ಯಾರ ಪಾಪದ ಫಲವೂ ಅಲ್ಲ, ಗ್ರಹಣದ ದಿನ ಹೊರಗೆ ಹೋದದ್ದಕ್ಕೂ ಅಲ್ಲ. ಆ ಮಗುವಿನ ತಾಯಿಗೆ ಊರೆಲ್ಲ ಚುಚ್ಚಿ ಮಾತಾಡುವುದನ್ನು ಕಂಡಿದ್ದೇನೆ, ಸಹಿಸಲಾಗುವುದಿಲ್ಲ. ಹಾಗೇ ಗಂಡು ಮಗು ಹೆರಲಿಲ್ಲ ಅಂತ ಹೆಂಗಸರನ್ನು ದೂರುವುದೂ ಇನ್ನೂ ನಿಂತಿಲ್ಲ. ಮಗು ಗಂಡಾಗಲು ವೈ ಅನ್ನೋ ವರ್ಣತಂತು ಬೇಕು, ತಾಯಿಯ ಅಂಡಾಣುವಿನಲ್ಲಿ ಇರುವುದು ಎಕ್ಸ್ ಒಂದೇ. ಎಕ್ಸ್, ವೈ ಎರಡೂ ಇದ್ದು ಅವು ಬೇರೆಯಾಗುವುದು ತಂದೆಯ ಮಿಯಾಸಿಸ್‌ನಲ್ಲಿ. ಅದರಲ್ಲಿ ಯಾವುದು ಬಂದು ಸೇರುತ್ತದೆ ಅನ್ನೋದು ಆ ತಂದೆಯ ಕೈಯಲ್ಲೂ ಇಲ್ಲ. ಎಲ್ಲಿ, ಯಾವಾಗ ಅನ್ನೋದನ್ನು ಮಕ್ಕಳಿಗೆ ಸರಿಯಾಗಿ ಕಲಿಸಿದರೆ ನಾಳೆ ಅವರು ಅತ್ತೆ ಮಾವಂದಿರಾದಾಗ ಇಂಥ ಮಾತು ಆಡಲಾರರು ಅನ್ನೋ ಆಸೆ ನನ್ನದು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಆ ಪ್ರಶ್ನೆಗೆ ಇನ್ನೊಮ್ಮೆ ಜಾಗ ಕೊಡಿ. ಪ್ರಾಣಿಗಳಲ್ಲಿ ಲಿಂಗಾಣು ಆಗುವಾಗ, ಗಿಡಗಳಲ್ಲಿ ಬೀಜಕ ಆಗುವಾಗ, ಅಣಬೆ ಮತ್ತು ಎಷ್ಟೋ ಪಾಚಿಗಳಲ್ಲಿ ಕೂಡಿದ ಮೇಲೆ ಅಂತ ಬಿಡಿಸಿ ಬರೆಯಿರಿ. ಜೊತೆಗೆ ನಮ್ಮ ಶಿಕ್ಷಕರಲ್ಲೂ ಒಂದು ಮಾತು. ಈರುಳ್ಳಿ ಬೇರಿನ ತುದಿಯಲ್ಲಿ ಮೈಟಾಸಿಸ್ ತೋರಿಸುತ್ತೀರಿ, ಮಿಯಾಸಿಸ್ ಬಂದಾಗ ಚಾರ್ಟ್ ನೇತುಹಾಕಿ ಮುಗಿಸುತ್ತೀರಿ. ಎಲೆಯ ಅಡಿ ನೇರಳೆ ಬಣ್ಣವಿರುವ ರೋಯಿಯೊ ಅನ್ನೋ ಅಂದದ ಗಿಡ ನಮ್ಮ ಕಡೆ ಎಷ್ಟೋ ಮನೆಗಳ ಅಂಗಳದಲ್ಲಿದೆ. ಅದರ ಎಲೆಯ ಸಂದಿಯಲ್ಲಿ ದೋಣಿಯಂಥ ಹೊದಿಕೆಯೊಳಗೆ ಮೊಗ್ಗುಗಳಿರುತ್ತವೆ. ಅರಳಿದ ಹೂ ಬೇಡ, ಅದರಲ್ಲಿ ಎಲ್ಲ ಮುಗಿದಿರುತ್ತದೆ. ತೀರಾ ಎಳೆಯ ಮೊಗ್ಗನ್ನು ಬೆಳಿಗ್ಗೆ ಕಿತ್ತು, ಮೂರು ಪಾಲು ಆಲ್ಕೋಹಾಲ್‌ಗೆ ಒಂದು ಪಾಲು ಅಸಿಟಿಕ್ ಆಮ್ಲ ಸೇರಿಸಿದ ದ್ರಾವಣದಲ್ಲಿ ಒಂದು ದಿನ ಇಡಿ. ಆಮೇಲೆ ಪರಾಗಕೋಶವನ್ನು ಬಿಡಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ, ಗಾಜಿನ ಮೇಲೆ ಮೆಲ್ಲಗೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ಅದೃಷ್ಟವಿದ್ದರೆ 12 ವರ್ಣತಂತುಗಳು ಒಂದಕ್ಕೊಂದು ಅಂಟಿಕೊಂಡು ಉಂಗುರ ಕಟ್ಟಿರುವುದು ಕಾಣುತ್ತದೆ. ಕಾಣದಿದ್ದರೆ ಇನ್ನೂ ಸ್ವಲ್ಪ ಚಿಕ್ಕ ಮೊಗ್ಗು ತೆಗೆದುಕೊಂಡು ಮತ್ತೆ ಮಾಡಿ.

ಇಂತಿ,
ಸಸ್ಯಶಾಸ್ತ್ರ ಓದಿ ಈಗ ತೋಟ ನೋಡಿಕೊಳ್ಳುತ್ತಿರುವ ಒಬ್ಬ ಓದುಗಾರ್ತಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ